ಕೋರ್ಟಿಗೆ ಕೊಡದ ಫೋಟೋ

ಅವರ ಮೂಗಿನ ಎರಡೂ ಬದಿಗೆ ಎರಡು ಕೆಂಪು ಗುಳಿಗಳಿದ್ದವು. ಮೂವತ್ತು ವರ್ಷ ದಪ್ಪ ಗಾಜಿನ ಕನ್ನಡಕ ಕೂತು ಕೂತು ಕೊರೆದ ಗುಳಿಗಳು. ಬೇಸಿಗೆಯಲ್ಲಿ ಅವುಗಳಲ್ಲಿ ಬೆವರು ನಿಲ್ಲುತ್ತಿತ್ತು. ಈಗ ಹಗುರವಾದ ಫೈಬರ್ ಬಂದಿದೆ, ಅದನ್ನೇ ಹಾಕಿಸಿಕೊಳ್ಳಿ ಎಂದರೆ, "ಅದು ಗೀರು ಬೀಳ್ತೈತೆ ಕಣವ್ವ. ಗಾಜು ಅಂದ್ರೆ ಗಾಜೇ" ಎನ್ನುತ್ತಿದ್ದರು. ಆ ಹಟ ಅವರ ಒಂದು ಕಣ್ಣು ತಿಂದಿತು. ತಿನ್ನಿಸಿದವನು ನನ್ನ ಗಂಡ.

ಚಳ್ಳಕೆರೆಯ ಸಂತೆ ಬೀದಿಯಲ್ಲಿ ಅವರದೊಂದು ಸ್ಟುಡಿಯೋ. ರಕ್ತಸಂಬಂಧವೇನೂ ಇಲ್ಲ, ನನ್ನ ಹಾಗೆ ಅವರೂ ಮೊಳಕಾಲ್ಮೂರು ಕಡೆಯವರೆಂದು ನಾನು ಮಾಮ ಎನ್ನುತ್ತಿದ್ದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ ಆಲ್ಬಂ ಜೋಡಿಸುವುದು, ಫೋಟೋದ ಮುಖಗಳಿಂದ ಮೊಡವೆ, ಕಲೆ ಒರೆಸುವುದು ನನ್ನ ಕೆಲಸ. ಮಾಮ ಬಾಯಿ ಬಿಟ್ಟರೆ ಬೆಂಕಿ. ಸಿಟ್ಟು ನೆತ್ತಿಗೇರಿದರೆ ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಿದ್ದರು. ಆಗ ಗಿರಾಕಿಗಳು ಮೆಲ್ಲಗೆ ಎದ್ದು ಹೋಗುತ್ತಿದ್ದರು.

ನನಗೂ ಕನ್ನಡಕ. ಕನ್ನಡಕ ಹಾಕಿಕೊಂಡು ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಗಾಜಿಗೆ ಗಾಜು ತಾಗುತ್ತದೆ, ಕಣ್ಣು ದೂರವೇ ಉಳಿಯುತ್ತದೆ, ಬೆವರಿಗೆ ಎಲ್ಲವೂ ಮಂಜು. ಅದಕ್ಕೆ ಅವರು ನನಗೆ ಕಲಿಸಿದ ಮೊದಲ ಪಾಠವೇ ಕಿಂಡಿಯ ಪಕ್ಕದ ಚಕ್ರದ್ದು. ನಾವು ಕಣ್ಣಿಡುವ ಕಿಂಡಿಯ ಪಕ್ಕದಲ್ಲಿ ಹೆಸರುಕಾಳಿನಷ್ಟು ಸಣ್ಣ ಚಕ್ರವೊಂದಿರುತ್ತದೆ. ಅದನ್ನು ನಮ್ಮ ಕಣ್ಣಿನ ನಂಬರಿಗೆ ತಿರುಗಿಸಿಕೊಂಡರೆ ಬರಿಗಣ್ಣಿಗೂ ಕಿಂಡಿಯೊಳಗೆ ಎಲ್ಲ ನಿಚ್ಚಳ. ಮಾಮನದು ಮೈನಸ್ ಮೂರು. ಚಕ್ರವನ್ನು ಅಲ್ಲಿಗೆ ತಂದು, ಅಲುಗದಂತೆ ಮೇಲೆ ಟೇಪು ಅಂಟಿಸಿದ್ದರು. ಕನ್ನಡಕ ಹಣೆಗೇರಿಸಿದರೆ ಮಾರು ದೂರದಲ್ಲಿ ನಿಂತ ಮನುಷ್ಯ ಯಾರೆಂದು ಗೊತ್ತಾಗುತ್ತಿರಲಿಲ್ಲ, ಕಿಂಡಿಯೊಳಗಾದರೆ ಅವನ ರೆಪ್ಪೆಗೂದಲು ಎಣಿಸುತ್ತಿದ್ದರು. ಪರಶುರಾಂಪುರದ ಒಂದು ಮದುವೆಯಲ್ಲಿ ಮದುಮಗಳ ತಮ್ಮ ತಮಾಷೆಗೆ ಟೇಪು ಕಿತ್ತು ಚಕ್ರ ತಿರುಗಿಸಿಬಿಟ್ಟ. ಧಾರೆಯ ಹೊತ್ತಿಗೆ ಕಣ್ಣಿಟ್ಟರೆ ಬರೀ ಮಸುಕು. "ನನ್ನ ಕಣ್ಣು ತಿರುವಿದೋನು ಯಾವನಲೇ?" ಎಂದು ಚಪ್ಪರದೊಳಗೇ ಅವನ ಕಪಾಳಕ್ಕೆ ಬಿಟ್ಟರು. ಅವನ ಕಡೆಯವರು ಇವರ ಅಂಗಿ ಹರಿದರು. ಹರಿದ ಅಂಗಿಯಲ್ಲೇ ಧಾರೆಯ ಫೋಟೋ ತೆಗೆದು, ಊಟ ಮಾಡದೆ ಬಂದರು.

ಮದುವೆಯವರಿಗಿಂತ ಹೆಚ್ಚಾಗಿ ಅವರನ್ನು ಕರೆಯುತ್ತಿದ್ದವರು ಪೊಲೀಸರು. ಬಾವಿಗೆ ಬಿದ್ದವರು, ಬಳ್ಳಾರಿ ರಸ್ತೆಯಲ್ಲಿ ಲಾರಿಗೆ ಸಿಕ್ಕವರು, ಎಲ್ಲರ ಕೊನೆಯ ಫೋಟೋ ಮಾಮನದೇ. ಒಮ್ಮೆ ದೊಡ್ಡಉಳ್ಳಾರ್ತಿ ಕಾವಲಿನ ಹತ್ತಿರ ಕುರಿ ಮೇಯಿಸುವ ಜಗಳದಲ್ಲಿ ಅಣ್ಣನೇ ತಮ್ಮನನ್ನು ಕೊಡಲಿಯಲ್ಲಿ ಕಡಿದಿದ್ದ. ಲೈಟು ಹಿಡಿಯಲು ನಾನೂ ಹೋಗಿದ್ದೆ. ಕತ್ತು ಅರ್ಧ ತೆರೆದುಕೊಂಡಿತ್ತು, ನೊಣಗಳು ಮುತ್ತಿದ್ದವು. ಮಾಮ ಕನ್ನಡಕ ಮೇಲೇರಿಸಿ, ರಕ್ತದ ಹುಲ್ಲಿನಲ್ಲೇ ಮಂಡಿಯೂರಿ ಫೋಟೋ ತೆಗೆದರು. ನಾನು ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡೆ. ಅವರು ನೀರಿನ ಬಾಟಲಿ ಕೊಟ್ಟು, "ಸತ್ತೋರು ಗಾಯ ಮುಚ್ಚಿಕೊಳ್ಳಲ್ಲವ್ವ. ಬದುಕಿರೋರೇ ಮುಚ್ಚಿಕೊಳ್ಳೋದು" ಎಂದು ನನ್ನ ತೋಳು ನೋಡಿದರು. ನಾನು ಸೆರಗು ಎಳೆದುಕೊಂಡೆ.

ನನ್ನ ಗಂಡ ಕುಡಿದು ಹೊಡೆಯುವವನಲ್ಲ. ಕುಡಿಯದೆ, ಬಾಗಿಲಿಗೆ ಅಗುಳಿ ಹಾಕಿ, ಸಾವಧಾನವಾಗಿ ಹೊಡೆಯುತ್ತಿದ್ದ. ಆ ಮುದುಕನ ಜೊತೆ ಸ್ಟುಡಿಯೋದ ಪರದೆ ಹಿಂದೆ ನಿನಗೇನು ಕೆಲಸ ಎಂಬುದೊಂದೇ ಅವನ ಪ್ರಶ್ನೆ. ಉತ್ತರ ಅವನಿಗೆ ಬೇಕಿರಲಿಲ್ಲ. ಒಂದು ದಿನ ಯಾವುದೋ ಅರ್ಜಿಗೆಂದು ನನ್ನದೇ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು, ಕೆನ್ನೆಯ ಬಾವು, ಕಣ್ಣಿನ ಕೆಳಗಿನ ನೀಲಿಯನ್ನು ಕಂಪ್ಯೂಟರಿನಲ್ಲಿ ಒರೆಸುತ್ತಾ ಕೂತಿದ್ದೆ. ಕೆಲಸ ಚೆನ್ನಾಗಿಯೇ ಬಂದಿತ್ತು. ಹಿಂದೆ ನಿಂತಿದ್ದ ಮಾಮ ಪ್ಲಗ್ಗನ್ನೇ ಕಿತ್ತು ಎಸೆದರು.

"ಅವನು ಹೊಡೆದಿದ್ದನ್ನ ನೀನೇ ಕೂತು ಒರೆಸಿ ಕೊಡ್ತೀಯಾ ಅವನಿಗೆ? ನಾಳೆ ಕೊಂದ್ರೆ ಎದ್ದು ಬಂದು ರಕ್ತ ತೊಳೀತೀಯಾ?"

ಮಾಮನ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಮಾಮ ಅವರನ್ನು ಕರೆಸಿ ಪಕ್ಕ ಕೂರಿಸಿ, ನನ್ನ ಮುಖ, ತೋಳು, ಬೆನ್ನಿನ ಬಾಸುಂಡೆ ಎಲ್ಲದರ ಫೋಟೋ ತೆಗೆದರು. ಅವನ್ನು ಹಿಡಿದು ಮೂವರೂ ಠಾಣೆಗೆ ಹೋಗಿ ದೂರು ಕೊಟ್ಟೆವು. ಅಂದಿನಿಂದ ನಾನು ಅತ್ತೆಯ ಮನೆಯಲ್ಲೇ ಉಳಿದೆ.

ಮೂರನೆಯ ದಿನ ಮಧ್ಯಾಹ್ನ ನನ್ನ ಗಂಡ ತನ್ನ ಇಬ್ಬರು ತಮ್ಮಂದಿರ ಜೊತೆ ರಸ್ತೆ ದಾಟುತ್ತಿರುವುದು ಗಾಜಿನ ಬಾಗಿಲಿನಿಂದ ಕಾಣಿಸಿತು. ಮಾಮ ನನ್ನನ್ನು ರಟ್ಟೆ ಹಿಡಿದು, ಗಿರಾಕಿಗಳ ಹಿಂದೆ ಇಳಿಬಿಡುವ ನೀಲಿ ಪರದೆಯ ಹಿಂದಕ್ಕೆ ತಳ್ಳಿದರು. ಅಲ್ಲಿಂದಾಚೆಗಿನದನ್ನು ನಾನು ಕಂಡಿಲ್ಲ, ಕೇಳಿದ್ದೇನೆ.

"ಎಲ್ಲಲೇ ಅವಳು?"

"ಮೊಳಕಾಲ್ಮೂರಿಗೆ ಹೋದ್ಲು, ಅವರವ್ವನ ಮನೆಗೆ."

"ಫೋಟೋ ಎಲ್ಲಿ?"

"ಕೊಡಲ್ಲ ಕಣಲೇ, ಏನು ಕಿತ್ಕೋತೀಯ?"

ಗುದ್ದಿದ ಸದ್ದು, ಕುರ್ಚಿ ಉರುಳಿದ ಸದ್ದು. ಆ ಮೊದಲ ಏಟಿಗೇ ಗಾಜಿನ ಚೂರು ಎಡಗಣ್ಣಿಗೆ ಹೊಕ್ಕಿತ್ತು ಎಂಬುದು ನನಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು. ಮಾಮ ಕಟುಕನ ಕೈಗೆ ಸಿಕ್ಕ ಹೋತದಂತೆ ಕೂಗಿದರು. ಆಮೇಲೆ ಒದೆ, ಒಂದರ ಮೇಲೊಂದು. ನೆಲದ ಮೇಲೆ ಕನ್ನಡಕ ಚಪ್ಪಲಿಗೆ ಸಿಕ್ಕು ಕರಕರ ಪುಡಿಯಾಯಿತು. "ಈಗ ತೆಗಿಯಲೇ ಫೋಟೋ, ಕುರುಡು ನನ್ಮಗನೇ" ಎಂದು ನನ್ನ ಗಂಡ ನಕ್ಕ. ಕನ್ನಡಕ ಹೋದರೆ ಫೋಟೋದವನ ಕತೆ ಮುಗಿಯಿತೆಂದು ತಿಳಿದ ಮೂರ್ಖರು ಮೇಜಿನ ಮೇಲಿದ್ದ ಕ್ಯಾಮೆರಾ ಮುಟ್ಟಲೇ ಇಲ್ಲ.

ಪರದೆಯ ಅಂಚಿನಲ್ಲಿ ಫಳ್ಳನೆ ಬೆಳಕು ಹೊಡೆಯಿತು. "ಇಟು ಚೂಡರಾ!" ಎಂದು ಮಾಮ ಗರ್ಜಿಸಿದರು. ಇತ್ತ ನೋಡೋ ಎಂದು. ಮತ್ತೆ ಬೆಳಕು. "ಇಟು! ಇಟು ಚೂಡರಾ, ದೊಂಗ ನಾ ಕೊಡಕಾ!" ಬೆಳಕು ಆರು ಸಲ ಹೊಡೆಯಿತು. ಒಂದೊಂದು ಸಲಕ್ಕೂ ಅವರ ದನಿ ದೂರ ದೂರ ಹೋಯಿತು. ಬಾಗಿಲು ತೆರೆದ ಸದ್ದಾಯಿತು. ನನ್ನನ್ನು ಬಿಟ್ಟು ಬೀದಿಗೆ ಓಡಿದರು ಎಂದುಕೊಂಡೆ.

ಬೀದಿಯಲ್ಲಿ ಆ ಮೂವರು ಕ್ಯಾಮೆರಾದ ಸ್ಟ್ಯಾಂಡಿನಿಂದ ಬಡಿದು ಮಾಮನ ಪಕ್ಕೆಲುಬು ಮುರಿದರು. ಟೀ ಅಂಗಡಿಯವರು, ಕಂಬಳಿ ಮಾರುವವರು ಮುತ್ತಿಕೊಂಡು ಮೂವರನ್ನೂ ಚೆನ್ನಾಗಿ ತದುಕಿ ಪೊಲೀಸರಿಗೆ ಒಪ್ಪಿಸಿದರು. ಆ ಗದ್ದಲದಲ್ಲಿ ನಾನು ಹಿಂಬಾಗಿಲಿನಿಂದ ನುಸುಳಿಕೊಂಡೆ. ಆಸ್ಪತ್ರೆಯಲ್ಲಿ ತಲೆಗೆಲ್ಲ ಬಟ್ಟೆ ಸುತ್ತಿಸಿಕೊಂಡ ಮಾಮ, ನಾನು ಎದುರಿಗೆ ನಿಂತಿದ್ದ ಹಾಗೆಯೇ ಪೊಲೀಸರಿಗೆ, "ಒಳಗೆ ನನ್ನ ಬಿಟ್ರೆ ಯಾರೂ ಇರ್ಲಿಲ್ಲ ಸಾರ್" ಎಂದರು. ಪರದೆ ಹಿಂದೆ ಇದ್ದೆನೆಂದರೆ ಊರು ನನ್ನ ಗಂಡನ ಪ್ರಶ್ನೆಯನ್ನೇ ಕೇಳುತ್ತಿತ್ತು.

ಕೋರ್ಟಿನಲ್ಲಿ ಐದು ಫೋಟೋ ಹಾಜರಾದವು. ಐದರಲ್ಲೂ ಚೌಕಟ್ಟಿನ ತುಂಬ ಮೂವರ ಮುಖ ಮಾತ್ರ. ಇನ್ನೊಂದು ಕೆಟ್ಟಿರಬೇಕು ಎಂದುಕೊಂಡೆ. ಎದುರು ವಕೀಲರು, "ಕನ್ನಡಕ ಇಲ್ಲದೆ ನಾನು ಕಾಣ್ತೀನೇನ್ರಿ?" ಎಂದು ಕೇಳಿದರು. "ಇಲ್ಲ ಸ್ವಾಮಿ" ಎಂದ ಮಾಮ, ಮೇಜಿನ ಮೇಲಿದ್ದ ಕ್ಯಾಮೆರಾ ಕೇಳಿ ಪಡೆದು, ಉಳಿದ ಒಂದು ಕಣ್ಣಿಟ್ಟು, "ನಿಮ್ಮ ಕೋಟಿನ ಎರಡನೇ ಗುಂಡಿ ಹರಿದು ನೇತಾಡ್ತೈತೆ, ಹೊಲಿಸ್ಕೊಳ್ರಿ" ಎಂದರು. ಜಡ್ಜ್ ಕೂಡ ನಕ್ಕರು. ಮೂವರಿಗೂ ಶಿಕ್ಷೆಯಾಯಿತು.

ಆಮೇಲೆ ಎಂಟು ವರ್ಷ ನಾನು ಅವರ ಜೊತೆ ದುಡಿದೆ. ಆ ಸ್ಟುಡಿಯೋದಿಂದಲೇ ನನಗೊಂದು ಬಾಳು ಆಯಿತು. ಆದರೂ, ಅವತ್ತು ಬಿಟ್ಟು ಓಡಿದರಲ್ಲ ಎಂಬ ಮುಳ್ಳು ಒಳಗೆ ಇದ್ದೇ ಇತ್ತು. ಕೇಳಲು ನನಗೂ ಮುಖವಿರಲಿಲ್ಲ. ಅವರು ಒದೆ ತಿನ್ನುವಾಗ ಉಸಿರು ಬಿಗಿಹಿಡಿದು ನಿಂತವಳು ನಾನು. ಇಬ್ಬರೂ ಹೆದರಿದೆವು, ಇರಲಿ ಬಿಡು ಎಂದು ಸಮಾಧಾನ ಮಾಡಿಕೊಂಡಿದ್ದೆ. ಥೂ, ನನ್ನ ಸಮಾಧಾನಕ್ಕಿಷ್ಟು.

ಹೋದ ವರ್ಷ ಮಾಮ ಎದೆನೋವೆಂದು ಕುಸಿದು ಹೋಗಿಬಿಟ್ಟರು. "ಊರೋರ ಫೋಟೋ ಎಲ್ಲಾ ತೆಗೆದ್ರು, ಅವರದ್ದೇ ಒಂದೂ ಇಲ್ಲ. ಕಂಪ್ಯೂಟರ್‌ನಾಗೆ ಏನಾದ್ರೂ ಐತೇನೋ ನೋಡವ್ವ" ಎಂದು ಅತ್ತೆ ಕಳಿಸಿದರು. ಹುಡುಕುತ್ತಾ ಹೋದವಳಿಗೆ ಆ ಮಧ್ಯಾಹ್ನದ ಆರು ಫೋಟೋಗಳು ಕತ್ತರಿಸದೆ, ಪೂರ್ತಿಯಾಗಿ ಸಿಕ್ಕವು.

ಮೊದಲನೆಯದರಲ್ಲಿ ನನ್ನ ಗಂಡ ಕ್ಯಾಮೆರಾಕ್ಕೆ ಬೆನ್ನು ಹಾಕಿದ್ದಾನೆ. ಅವನ ಕೈ ನೀಲಿ ಪರದೆಯ ಕಡೆ ಚಾಚಿದೆ. ಪರದೆಯ ಕೆಳಗೆ ಕಾಲುಂಗುರ ಸಮೇತ ನನ್ನ ಎರಡು ಪಾದ. ಕೈಗೂ ಪರದೆಗೂ ಗೇಣು ದೂರವಿಲ್ಲ. ಎರಡನೆಯದರಲ್ಲಿ ಅವನು ತಿರುಗಿದ್ದಾನೆ. ಮೂರನೆಯದರಲ್ಲಿ ಮೂವರೂ ಇತ್ತಲೇ ನುಗ್ಗುತ್ತಿದ್ದಾರೆ, ಪಾದಗಳು ಹಿಂದೆ ಉಳಿದಿವೆ. ಆರನೆಯದಕ್ಕೆ ಬಾಗಿಲಿನ ಬಿಸಿಲು ಮೂವರ ಮುಖಕ್ಕೂ ಹೊಡೆದಿದೆ, ಪರದೆ ಎಲ್ಲೋ ದೂರದಲ್ಲಿ. ಓಡಿದ ಮನುಷ್ಯನಾಗಿದ್ದರೆ ಬೆನ್ನು ತೋರಿಸಿ ಓಡುತ್ತಿದ್ದರು. ಮಾಮ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಆ ಮೂವರನ್ನೂ ನನ್ನಿಂದ ಬಿಡಿಸಿ, ತಮ್ಮ ಮೈಮೇಲೆ ಎಳೆದುಕೊಂಡು ಬೀದಿಗೆ ಹೋಗಿದ್ದರು.

"ಸಿಕ್ತೇನವ್ವ, ಅವರ ಫೋಟೋ?" ಎಂದು ಅತ್ತೆ ಬಾಗಿಲಿನಿಂದ ಕೇಳಿದರು.

"ಆರು ಸಿಕ್ಕವು ಅತ್ತೆ" ಎಂದೆ. ಒಂದರಲ್ಲೂ ಅವರ ಮುಖವಿಲ್ಲ ಎಂದು ಹೇಳಲು ನನ್ನಿಂದ ಆಗಲಿಲ್ಲ.