ಐದನೇ ರೌಂಡಿನ ‘ಇಲ್ಲ’

ಕೋವಿಡ್ ಕಳೆದು ಎರಡನೆಯ ವರ್ಷ. ವಿಕ್ರೋಳಿಯ ಒಂದು ಕಾರ್ಖಾನೆಯ ವೈದ್ಯಾಧಿಕಾರಿ ಹುದ್ದೆಯಿಂದ ನಾನು ಆಗಲೇ ನಿವೃತ್ತನಾಗಿದ್ದೆ. ಆದರೆ ಇಪ್ಪತ್ತೆರಡು ವರ್ಷಗಳಿಂದ ಹವ್ಯಾಸಕ್ಕೆಂದು ಹಚ್ಚಿಕೊಂಡಿದ್ದ ಇನ್ನೊಂದು ಕೆಲಸ ನನ್ನನ್ನು ಬಿಟ್ಟಿರಲಿಲ್ಲ. ಮುಂಬಯಿಯಲ್ಲಿ ನಡೆಯುವ ಬಾಕ್ಸಿಂಗ್ ಪಂದ್ಯಗಳಿಗೆ ನಾನು ರಿಂಗ್‌ಸೈಡ್ ಡಾಕ್ಟರ್. ಮೈಸೂರಿನ ನೆಂಟರಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಹೊಡೆಸಿಕೊಂಡವರಿಗೆ ಔಷಧಿ ಹಚ್ಚಲು ಲೋಕಲ್ ಹತ್ತಿ ಹೋಗುತ್ತೀಯಲ್ಲ, ಹೊಡೆದಾಟ ನಿಲ್ಲಿಸಬಾರದೇ ಎಂದು ನನ್ನ ಅಕ್ಕ ಕೇಳುತ್ತಿದ್ದಳು. ನಿಲ್ಲಿಸುವುದೇ ನನ್ನ ಕೆಲಸ ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಅದು ನಿಜವೂ ಹೌದು. ರೆಫರಿ ಕರೆದರೆ ಡಾಕ್ಟರ್ ರಿಂಗಿನ ಮೂಲೆಗೆ ಹೋಗಿ ಬಾಕ್ಸರನ್ನು ಪರೀಕ್ಷಿಸಬೇಕು. ಡಾಕ್ಟರ್ ಬೇಡ ಎಂದರೆ ಪಂದ್ಯ ಅಲ್ಲಿಗೆ ಮುಗಿಯಿತು. ಕೋಚಾಗಲಿ ಆಯೋಜಕರಾಗಲಿ ಅದರ ಮೇಲೆ ಮಾತಾಡುವಂತಿಲ್ಲ.

ಸದಾನಂದನನ್ನು, ನಮ್ಮೆಲ್ಲರ ಸದಾನನ್ನು, ನಾನು ಅವನ ಮೊದಲ ಪಂದ್ಯದಿಂದಲೂ ಬಲ್ಲೆ. ಮುಲ್ಕಿ ಕಡೆಯವನು. ಹನ್ನೊಂದನೇ ವಯಸ್ಸಿಗೆ ಮುಂಬಯಿಗೆ ಬಂದು, ಬಾಂದ್ರಾದ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ತಂದೆಯ ಜೊತೆ ಬೆಳೆದವನು. ಹಗಲು ಒಂದು ಆಫೀಸಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್, ಸಂಜೆ ಜಿಮ್ಮು. ಆರಡಿ ಮೂರಂಗುಲ ಎತ್ತರ, ತೊಂಬತ್ತೆಂಟು ಕಿಲೋ ತೂಕ. ಇನ್ನೂರು ಪೌಂಡ್, ಅಂದರೆ ಸುಮಾರು ತೊಂಬತ್ತೊಂದು ಕಿಲೋ ದಾಟಿದವರೆಲ್ಲ ಹೆವಿವೇಟ್. ಅಷ್ಟು ತೂಕದ ವೃತ್ತಿಪರ ಬಾಕ್ಸರುಗಳು ನಮ್ಮ ದೇಶದಲ್ಲಿ ಕಡಿಮೆ. ಹಾಗಾಗಿ ದೊಡ್ಡ ಪಂದ್ಯ ಎಂಬುದು ಸದಾನ ಪಾಲಿಗೆ ಮೂವತ್ತೆಂಟನೇ ವಯಸ್ಸಿನವರೆಗೂ ಬಂದಿರಲಿಲ್ಲ. ಬಂದಾಗ ಚಾಂಪಿಯನ್ ಬೆಲ್ಟಿಗಾಗಿ ಎಂಟು ರೌಂಡಿನ ಪಂದ್ಯವೇ ಬಂತು. ಇದೇ ಕೊನೆಯದು ಎಂದು ಅವನು ಹೆಂಡತಿ ವನಿತಾಳಿಗೆ ಮಾತು ಕೊಟ್ಟಿದ್ದ.

ಎದುರಾಳಿ ರೋಹಿತ್ ಎಂಬ ಇಪ್ಪತ್ಮೂರರ ತರುಣ. ನೂರನಾಲ್ಕು ಕಿಲೋ. ಆಡಿದ್ದು ಆರೇ ಪಂದ್ಯ. ಆರನ್ನೂ ಮೂರನೇ ರೌಂಡಿನೊಳಗೆ ಮುಗಿಸಿದ್ದ. ಅವನ ಬಲಗೈ ಪೆಟ್ಟು ಬಿದ್ದರೆ ಗೋಡೆಯ ಗಾರೆ ಉದುರುತ್ತದೆ ಎನ್ನುತ್ತಿದ್ದರು. ಸದಾನ ಲೆಕ್ಕ ಮೂವತ್ತನಾಲ್ಕು ಪಂದ್ಯ. ಪಂದ್ಯಕ್ಕೆ ಮೊದಲಿನ ಒಂದು ವಾರ ಎಲ್ಲರ ಬಾಯಲ್ಲೂ ಒಂದೇ ಮಾತು: ಅನುಭವ. ಹುಡುಗನಿಗೆ ಉದ್ದದ ಪಂದ್ಯ ಗೊತ್ತಿಲ್ಲ, ನಾಲ್ಕನೇ ರೌಂಡ್ ದಾಟಿದರೆ ಅವನ ಉಸಿರು ಹೋಗುತ್ತದೆ, ಹಳೇ ಹುಲಿ ಆಗ ಎದ್ದು ಕೂರುತ್ತದೆ ಎಂದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅಂದುಕೊಂಡದ್ದು ಪೂರ್ತಿ ತಪ್ಪೂ ಅಲ್ಲ. ಹೆವಿವೇಟ್ ಪಂದ್ಯದಲ್ಲಿ ಅನುಭವ ಎಂದರೆ ಏನೆಂದು ನಾನು ಹತ್ತಿರದಿಂದ ನೋಡಿದ್ದೇನೆ. ಹೊಸಬ ಮೊದಲ ರೌಂಡಿನಲ್ಲೇ ಬೆವರು ಹರಿಸಿಬಿಡುತ್ತಾನೆ. ಪಳಗಿದವನು ಎದುರಾಳಿಯನ್ನು ತಬ್ಬಿ ಹಿಡಿದು ತನ್ನ ಮೈಭಾರವನ್ನೆಲ್ಲ ಅವನ ಹೆಗಲಿಗೆ ಹೊರಿಸುತ್ತಾನೆ. ಅದಕ್ಕೆ ಕ್ಲಿಂಚ್ ಎನ್ನುತ್ತಾರೆ. ನೂರು ಕಿಲೋ ಹೊತ್ತು ಹತ್ತು ಸೆಕೆಂಡ್ ನಿಂತವನ ಕಾಲು ಸೋಲುತ್ತದೆ, ಇವನಿಗೆ ಅಷ್ಟೂ ಹೊತ್ತು ವಿಶ್ರಾಂತಿ. ಎಲ್ಲಕ್ಕಿಂತ ದೊಡ್ಡ ವಿದ್ಯೆ ಇನ್ನೊಂದಿದೆ. ಪೆಟ್ಟು ತಗುಲಿದ್ದು ಮುಖದಲ್ಲಿ ಕಾಣದಂತೆ ನೋಡಿಕೊಳ್ಳುವುದು. ಎದುರಾಳಿಗೆ ಕಾಣಬಾರದು, ತೀರ್ಪುಗಾರರಿಗೆ ಕಾಣಬಾರದು. ಅದು ಡಾಕ್ಟರಿಗೂ ಕಾಣುವುದಿಲ್ಲ ಎಂಬುದನ್ನು ನಾನು ಇಪ್ಪತ್ತೆರಡು ವರ್ಷವೂ ಯೋಚಿಸಿರಲಿಲ್ಲ.

ಪಂದ್ಯದ ಹಿಂದಿನ ದಿನ ತೂಕ ನೋಡುವಾಗ ವೈದ್ಯಕೀಯ ತಪಾಸಣೆಯೂ ಆಗಬೇಕು. ಸದಾನ ರಕ್ತದೊತ್ತಡ, ನಾಡಿ, ಕಣ್ಣಿನ ಪಾಪೆ, ಆರು ತಿಂಗಳ ಹಿಂದಿನ ಸ್ಕ್ಯಾನ್, ಎಲ್ಲ ಸರಿಯಿದ್ದವು. ನನ್ನನ್ನು ಅವನು ಒಂದು ದಿನವೂ ಡಾಕ್ಟ್ರೇ ಎಂದು ಕರೆದವನಲ್ಲ. ಯಾವಾಗಲೂ ರಾಯರೇ. ಅವತ್ತೂ ಷರ್ಟು ಹಾಕಿಕೊಳ್ಳುತ್ತ ನನ್ನನ್ನು ಕೆಣಕಿದ.

“ರಾಯರೇ, ನಿಮ್ಮ ಪ್ರಶ್ನೆಪತ್ರಿಕೆ ಒಂದು ಸಲವಾದ್ರೂ ಬದಲಾಯಿಸಿ ಮಾರಾಯ್ರೇ. ಉತ್ತರ ಎಲ್ಲ ನಂಗೆ ಬಾಯಿಪಾಠ ಉಂಟು.”

ನಾನು ನಕ್ಕೆ. ಪ್ರಶ್ನೆಪತ್ರಿಕೆ ಎಂದು ಅವನು ಹೇಳಿದ್ದು ರೌಂಡುಗಳ ನಡುವೆ ನಾನು ಕೇಳುವ ಮಾಮೂಲು ಪ್ರಶ್ನೆಗಳನ್ನು. ಇವತ್ತು ಯಾವ ವಾರ, ಯಾವ ರೌಂಡ್ ಮುಗಿಯಿತು, ನಾವು ಎಲ್ಲಿದ್ದೇವೆ. ಮಿದುಳಿಗೆ ಪೆಟ್ಟು ಬಿದ್ದವನು ಇವುಗಳಲ್ಲಿ ಎಲ್ಲಾದರೂ ಎಡವುತ್ತಾನೆ. ಎಲ್ಲ ಬಗೆಯ ಬಾಕ್ಸರುಗಳಿಗೂ ಹಿಂದಿಯಲ್ಲೇ ಕೇಳಿ ಕೇಳಿ ನನಗೂ ಅವು ಬಾಯಿಪಾಠವಾಗಿದ್ದವು.

ಪಂದ್ಯ ಭಾನುವಾರ ಸಂಜೆ ಆರಕ್ಕೆ, ಪಶ್ಚಿಮದ ಉಪನಗರವೊಂದರ ಒಳಾಂಗಣ ಕ್ರೀಡಾಂಗಣದಲ್ಲಿ. ಮೂರು ನಿಮಿಷದ ರೌಂಡು, ನಡುವೆ ಒಂದು ನಿಮಿಷ ಬಿಡುವು. ಮೊದಲ ನಾಲ್ಕು ರೌಂಡು ಎಲ್ಲರೂ ಹೇಳಿದ ಹಾಗೆಯೇ ನಡೆಯಿತು. ರೋಹಿತ್ ನುಗ್ಗಿ ಬರುತ್ತಿದ್ದ, ಸದಾ ಅವನನ್ನು ತಬ್ಬುತ್ತಿದ್ದ, ಒರಗುತ್ತಿದ್ದ, ಬಿಡಿಸಿಕೊಂಡು ಎರಡು ಹೊಡೆದು ಸರಿಯುತ್ತಿದ್ದ. ನಾಲ್ಕನೆಯದು ಮುಗಿದಾಗ ಹುಡುಗ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ನನ್ನ ಪಕ್ಕದ ಸಮಯಪಾಲಕ, ಗೆದ್ದಂತೆಯೇ ಎಂದು ಮರಾಠಿಯಲ್ಲಿ ಪಿಸುಗುಟ್ಟಿದ.

ಐದನೆಯ ರೌಂಡಿನ ನಡುಭಾಗದಲ್ಲಿ ರೋಹಿತನ ಬಲಗೈ ಸದಾನ ಎಡಗಿವಿಯ ಮೇಲ್ಭಾಗಕ್ಕೆ ಬಿತ್ತು. ಸದಾನ ಮೊಣಕಾಲು ಒಂದು ಕ್ಷಣ ಮಡಚಿಕೊಂಡಿತು. ಮರುಕ್ಷಣವೇ ಅವನು ಹುಡುಗನನ್ನು ತಬ್ಬಿಕೊಂಡ. ತಬ್ಬಿಕೊಂಡೇ ರೆಫರಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಅನುಭವ ಎಂದರೆ ಇದು ಎಂದು ನಾನೂ ಮನಸ್ಸಿನಲ್ಲೇ ಮೆಚ್ಚಿದೆ. ಉಳಿದ ಒಂದೂವರೆ ನಿಮಿಷ ಅವನು ಬಹುಮಟ್ಟಿಗೆ ತಬ್ಬಿಕೊಂಡೇ ಕಳೆದ.

ರೆಫರಿಗೆ ಮಾತ್ರ ಸಮಾಧಾನವಿರಲಿಲ್ಲ. ಶಿಂದೆ ಎಂಬ ಆ ಹೊಸ ಮನುಷ್ಯನಿಗೆ ಅದು ನಾಲ್ಕನೆಯದೋ ಐದನೆಯದೋ ಹೆವಿವೇಟ್ ಪಂದ್ಯ. ಗಂಟೆ ಬಾರಿಸಿದ ಕೂಡಲೇ ನನ್ನನ್ನು ಕರೆದ. ನಾನು ಮೂಲೆಗೆ ಹತ್ತುವಾಗ ಕೋಚ್ ಗಾಯಕ್‌ವಾಡ್ ಸದಾನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದ. ತಂತ್ರ ಹೇಳುತ್ತಿದ್ದಾನೆ ಎಂದುಕೊಂಡೆ. ಟಾರ್ಚು ಹಾಕಿ ನೋಡಿದೆ, ಎರಡೂ ಪಾಪೆ ಒಂದೇ ಅಳತೆಯಲ್ಲಿದ್ದವು. ಹಿಂದಿಯಲ್ಲಿ ಮೂರು ಪ್ರಶ್ನೆ ಕೇಳಿದೆ. ಸಂಡೇ, ಪಾಂಚ್, ಮುಂಬಯಿ. ಮೂರೂ ಸರಿ.

ಕೆಳಗಿಳಿಯುವ ಮುನ್ನ ಯಾಕೋ ಮನಸ್ಸು ತಡೆಯಲಿಲ್ಲ. ಇಷ್ಟು ವರ್ಷ ಕಂಡ ಮುಖ. ಅವನ ಹೆಗಲ ಮೇಲೆ ಕೈಯಿಟ್ಟು ಕನ್ನಡದಲ್ಲಿ ಕೇಳಿದೆ.

“ಸದಾ, ತಲೆ ನೋಯ್ತಿದೆಯೇನಪ್ಪಾ?”

ಅವನು ನನ್ನನ್ನೇ ನೋಡಿದ. ಊದಿದ ತುಟಿ ಅಲುಗಿತು. ಇಲ್ಲ ಡ... ಎಂದು ಕೇಳಿಸಿತು. ಅಷ್ಟರಲ್ಲಿ ಹತ್ತು ಸೆಕೆಂಡ್ ಉಳಿದಿದೆ ಎಂಬ ಸೀಟಿ ಊದಿದರು, ಉಳಿದದ್ದು ಅದರಲ್ಲಿ ಮುಳುಗಿಹೋಯಿತು; ಪೋ ಎಂಬಂತೆ ಬಾಯಿ ಮಾಡಿದ್ದಷ್ಟೇ ಕಂಡಿತು. ಇಲ್ಲ ಡಾಕ್ಟ್ರೇ ಎಂದಿದ್ದಾನೆ ಎಂದು ನನ್ನ ಕಿವಿಯೇ ತುಂಬಿಸಿಕೊಂಡಿತು. ಶಿಂದೆ ಹಗ್ಗದಾಚೆಯಿಂದ, ಖಾತ್ರಿಯಾ ಸರ್ ಎಂದು ಇನ್ನೊಮ್ಮೆ ಕೇಳಿದ. ನನಗೆ ಸ್ವಲ್ಪ ಸಿಟ್ಟೇ ಬಂತು. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಳಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

“ಚೌತೀಸ್ ಫೈಟ್ ಖೇಲಾ ಹೈ ವೋ,” ಎಂದೆ. “ಉಸ್ಕೋ ಪತಾ ಹೈ.”

ಮೂವತ್ತನಾಲ್ಕು ಪಂದ್ಯ ಆಡಿದವನು, ಅವನಿಗೆ ಗೊತ್ತಿದೆ. ಅಷ್ಟು ಹೇಳಿ ಕೆಳಗಿಳಿದು ಕೂತು, ಫಾರಮ್ಮಿನಲ್ಲಿ ತಲೆನೋವು ಎಂಬ ಕಡೆ ‘ಇಲ್ಲ’ ಎಂದು ಬರೆದೆ.

ಆರನೆಯ ರೌಂಡಿನಲ್ಲಿ ಒಂದು ನಿಮಿಷ ಕಳೆದಿತ್ತೋ ಏನೋ. ರೋಹಿತನ ಎಡಗೈ ಸುಮ್ಮನೆ ಹಣೆಗೆ ತಾಗಿತು. ಅಂಥ ಪೆಟ್ಟು ಸದಾ ಜಿಮ್ಮಿನಲ್ಲಿ ದಿನಕ್ಕೆ ಐವತ್ತು ತಿಂದವನು. ಅವನು ಹಗ್ಗಕ್ಕೆ ಒರಗಿ, ದಣಿದವನು ಜಗುಲಿಯ ಮೇಲೆ ಕೂರುವಂತೆ ಮೆಲ್ಲಗೆ ಕೆಳಗೆ ಕೂತ. ಆಮೇಲೆ ಮಗ್ಗುಲಾದ. ನಾನು ಓಡಿಹೋಗಿ ನೋಡಿದಾಗ ಎಡಗಣ್ಣಿನ ಪಾಪೆ ಅಗಲವಾಗಿ ತೆರೆದುಕೊಂಡಿತ್ತು. ನನಗೆ ಎಲ್ಲ ತಿಳಿದುಹೋಯಿತು. ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ಸೋರಿ ಹೆಪ್ಪುಗಟ್ಟುವುದಕ್ಕೆ ಸಬ್‌ಡ್ಯೂರಲ್ ಹೆಮಟೋಮಾ ಎನ್ನುತ್ತಾರೆ. ಮೊದಮೊದಲು ಪಾಪೆಗಳು ಸರಿಯಾಗಿಯೇ ಇರಬಹುದು. ರೋಗಿಯ ಮಾತಿನಲ್ಲಿ ಮಾತ್ರ ಸುಳಿವು ಸಿಗುತ್ತದೆ. ಆಂಬುಲೆನ್ಸಿನಲ್ಲಿ ಅವನ ಕೈ ಹಿಡಿದುಕೊಂಡು ಕೂತಿದ್ದೆ. ಸಿಗ್ನಲಿನಲ್ಲಿ ನಿಂತಾಗಲೆಲ್ಲ ಮತ್ತೆ ಪಾಪೆಗೆ ಟಾರ್ಚು ಹಾಕಿ ನೋಡುತ್ತಿದ್ದೆ.

ತಲೆಬುರುಡೆ ತೆರೆದು ರಕ್ತ ತೆಗೆದರು. ಜೀವ ಉಳಿಯಿತು. ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ವನಿತಾ ಐ.ಸಿ.ಯು. ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ದಹಿಸರಿನ ಒಂದು ಬಾಲವಾಡಿಯಲ್ಲಿ ಟೀಚರು, ಮಾತು ಕಡಿಮೆ. ಎಚ್ಚರವಿದ್ದಾಗ ಕೊನೆಯದಾಗಿ ಅವರು ನಿಮ್ಮ ಹತ್ತಿರ ಏನು ಹೇಳಿದರು ಎಂದು ಕೇಳಿದಳು. ತಲೆ ನೋವಿದೆಯಾ ಎಂದು ಕೇಳಿದೆ, ಇಲ್ಲ ಡಾಕ್ಟ್ರೇ ಎಂದ, ಹಿಂದೆಯೇ ಇನ್ನೇನೋ ಹೇಳಿದ, ಸೀಟಿಯಲ್ಲಿ ಕೇಳಿಸಲಿಲ್ಲ, ಪೋ ಎಂಬಂತೆ ಬಾಯಿ ಮಾಡಿದ ಎಂದೆ.

“ಅವ್ರು ನಿಮ್ಮನ್ನು ಡಾಕ್ಟ್ರೇ ಅಂತ ಕರೆಯುದೇ ಇಲ್ಲ ಅಲ್ವಾ?”

ನನಗೆ ಅರ್ಥವಾಗಲಿಲ್ಲ.

“ಅದು ಇಲ್ಲ ಅಲ್ಲ. ಇಲ್ಲಡೆ ಪೋಯಿ. ತುಳು. ಮನೆಗೆ ಹೋಗುವ ಅಂತ ಹೇಳಿದ್ದು ಅವ್ರು.”

ಇಲ್ಲ್ ಎಂದರೆ ತುಳುವಿನಲ್ಲಿ ಮನೆ. ಮುಂಬಯಿಯಲ್ಲಿ ಕರಾವಳಿಯ ಜನರ ನಡುವೆ ನಾಲ್ಕು ದಶಕ ಕಳೆದವನಿಗೆ, ಅವರ ಹೋಟೆಲುಗಳಲ್ಲಿ ಸಾವಿರ ಸಲ ಕಾಫಿ ಕುಡಿದವನಿಗೆ, ಅಷ್ಟು ಚಿಕ್ಕ ಶಬ್ದ ಗೊತ್ತಿರಲಿಲ್ಲ. ಶಬ್ದ ಗೊತ್ತಿರಬೇಕಾಗಿಯೂ ಇರಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಯಾವತ್ತೂ ಕನ್ನಡದಲ್ಲೇ ಉತ್ತರಿಸುತ್ತಿದ್ದವನು ಮನೆಯ ಭಾಷೆಗೆ ಜಾರಿದ್ದಾನೆ ಎಂದು ತಿಳಿದಿದ್ದರೆ ಸಾಕಿತ್ತು. ಪೆಟ್ಟು ಬಿದ್ದ ಮಿದುಳು ಆಮೇಲೆ ಕಲಿತದ್ದನ್ನು ಮೊದಲು ಕೈಬಿಡಬಹುದು. ಇದನ್ನು ನಾನೇ ಕಾರ್ಖಾನೆಯ ನರ್ಸುಗಳಿಗೆ ಪಾಠ ಮಾಡಿದ್ದೆ.

ಹಾಗಾದರೆ ಮೊದಲ ಮೂರು ಉತ್ತರ ಸರಿಯಾಗಿದ್ದದ್ದು ಹೇಗೆ? ಗಾಯಕ್‌ವಾಡನನ್ನು ಕೇಳಿದೆ. ಅವನು ಅತ್ತುಬಿಟ್ಟ. ನಾನು ಮೂಲೆಗೆ ಹತ್ತುವ ಮೊದಲೇ ವಾರ, ರೌಂಡು, ಊರು ಮೂರನ್ನೂ ಕಿವಿಯಲ್ಲಿ ಹೇಳಿಬಿಡುವುದು ಅವನ ಪದ್ಧತಿಯಂತೆ. ಎಷ್ಟೋ ಮೂಲೆಗಳಲ್ಲಿ ಹಾಗೇ ಮಾಡುತ್ತಾರಂತೆ. ಡಾಕ್ಟರು ಏನು ಕೇಳುತ್ತಾರೆಂದು ಎಲ್ಲರಿಗೂ ಗೊತ್ತಲ್ಲ ಎಂದ. ಪ್ರಶ್ನೆಪತ್ರಿಕೆ ಬದಲಾಯಿಸಿ ಎಂದು ಸದಾನೇ ಹೇಳಿದ್ದನಲ್ಲ. ಪಟ್ಟಿಯಲ್ಲಿಲ್ಲದ ಒಂದೇ ಒಂದು ಪ್ರಶ್ನೆ ನಾನು ಕೇಳಿದ್ದು, ಅದಕ್ಕೆ ಅವನು ನಿಜವಾದ ಉತ್ತರವನ್ನೇ ಕೊಟ್ಟಿದ್ದ.

ವಿಚಾರಣೆ ನಡೆಯಿತು. ಮೂವರ ಸಮಿತಿ. ನಾನು ಇದೆಲ್ಲವನ್ನೂ ಹೇಳಿದೆ. ಅವರು ಫಾರಂ ನೋಡಿದರು, ಪಾಪೆಗಳ ಅಳತೆ ನೋಡಿದರು. ಸದ್ದಿನಲ್ಲಿ ಕೇಳಿಸದ ಪರಭಾಷೆಯ ಮಾತಿಗೆ ಡಾಕ್ಟರನ್ನು ಹೊಣೆ ಮಾಡಲಾಗದು ಎಂದು ಬರೆದರು. ವರದಿಯಲ್ಲಿ ನನ್ನ ಹೆಸರಿನ ಹಿಂದೆ ‘ಅತ್ಯಂತ ಅನುಭವಿ’ ಎಂಬ ವಿಶೇಷಣವಿತ್ತು. ಶಿಂದೆಗೆ ಮಾತ್ರ, ಸಂಶಯವಿದ್ದರೆ ರೆಫರಿ ತಾನೇ ಪಂದ್ಯ ನಿಲ್ಲಿಸಬಹುದಿತ್ತು ಎಂದು ಎಚ್ಚರಿಕೆ ಕೊಟ್ಟರು. ನಾಚಿಕೆಯಾಯಿತು. ಆ ಕೆಲಸಕ್ಕೆ ಅಂದೇ ರಾಜೀನಾಮೆ ಬರೆದುಕೊಟ್ಟೆ.

ಆ ಸಂಜೆಯಿಂದ ನಾನು ಕಲಿತದ್ದು ಇಷ್ಟು. ಅನುಭವವಿಲ್ಲದವನಾಗಿದ್ದರೆ ಸದಾ ಐದನೆಯ ರೌಂಡಿನಲ್ಲೇ ಬೀಳುತ್ತಿದ್ದ, ರೆಫರಿ ಹತ್ತರವರೆಗೆ ಎಣಿಸುತ್ತಿದ್ದ, ಅವನು ಸೋತು ಮನೆ ಸೇರುತ್ತಿದ್ದ. ಬೀಳಬೇಕಾದ ದೇಹವನ್ನು ನಿಲ್ಲಿಸಿಕೊಳ್ಳುವುದನ್ನು ಮೂವತ್ತನಾಲ್ಕು ಪಂದ್ಯಗಳು ಅವನಿಗೆ ಕಲಿಸಿದ್ದವು. ಕೇಳಬೇಕಾದದ್ದನ್ನು ಕೇಳಿಸಿಕೊಳ್ಳದಿರುವುದನ್ನು ಇಪ್ಪತ್ತೆರಡು ವರ್ಷ ನನಗೆ ಕಲಿಸಿತ್ತು. ಶಿಂದೆಗೆ ಏನೂ ಗೊತ್ತಿರಲಿಲ್ಲ, ಅದಕ್ಕೇ ಅವನು ಎರಡೆರಡು ಸಲ ಕೇಳಿದ. ರಿಂಗ್‌ಸೈಡ್ ಕೆಲಸಕ್ಕೆ ಹೊಸದಾಗಿ ಸೇರಿ ನನ್ನ ಸಲಹೆ ಕೇಳಲು ಬರುವ ಕಿರಿಯ ಡಾಕ್ಟರುಗಳಿಗೆ ಈಗ ಇದೊಂದನ್ನೇ ಹೇಳುತ್ತೇನೆ, ರೋಗಿ ‘ಇಲ್ಲ’ ಎಂದರೆ, ‘ಏನು ಇಲ್ಲ?’ ಎಂದು ಮತ್ತೆ ಕೇಳಿ.

ತಿಂಗಳಿಗೊಮ್ಮೆ ದಹಿಸರಿಗೆ, ಸದಾನ ಮನೆಗೆ ಹೋಗುತ್ತೇನೆ. ಸದಾನ ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ. ವನಿತಾ ನನಗೆ ಚಹ ಕೊಡುತ್ತಾಳೆ, ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಒಂದು ದಿನ ಅಲ್ಲಿ ರೋಹಿತ್ ಸಿಕ್ಕಿದ. ಅವನೂ ಆಗಾಗ ಬಂದು ಮೂಲೆಯಲ್ಲಿ ಕೂತು ಹೋಗುತ್ತಾನಂತೆ. ಇಬ್ಬರೂ ಒಟ್ಟಿಗೆ ಸ್ಟೇಷನ್ನಿಗೆ ನಡೆದು ಬರುವಾಗ ಹಿಂದಿಯಲ್ಲಿ ಮೆಲ್ಲಗೆ ಕೇಳಿದ, ಇನ್ನು ನಾಲ್ಕೈದು ದೊಡ್ಡ ಪಂದ್ಯ ಆಡಿದರೆ ಅನುಭವ ಬರುತ್ತದೆ, ಆಮೇಲೆ ಭಯವಿಲ್ಲ ಎಂದು ಕೋಚ್ ಹೇಳುತ್ತಾರೆ, ನಿಮಗೇನು ಅನಿಸುತ್ತದೆ ಎಂದು. ನಾಲ್ಕೈದು ಪಂದ್ಯ ಎಂದರೆ ತಲೆಗೆ ಎಷ್ಟು ಪೆಟ್ಟು ಎಂದು ನಿನ್ನ ಕೋಚನ್ನು ಕೇಳು ಎಂದೆ. ಅವನು ತಲೆ ತಗ್ಗಿಸಿದ. ಲೋಕಲ್ ಹತ್ತಿ, ಬೊರಿವಲಿಯಲ್ಲಿ ಇಳಿದುಹೋದ.

ಮುಂದಿನ ತಿಂಗಳು ಅವನು ಮತ್ತೆ ರಿಂಗಿಗೆ ಇಳಿದ. ನಾನು ಹೋಗಲಿಲ್ಲ. ಎಂಟು ರೌಂಡೂ ಪೆಟ್ಟು ತಿಂದು ನಿಂತನಂತೆ. ಹುಡುಗನಿಗೆ ಒಳ್ಳೆಯ ಅನುಭವವಾಯಿತು ಎಂದು ಅವನ ಕೋಚ್ ಹೇಳಿದ್ದನ್ನು ಪೇಪರಿನಲ್ಲಿ ಓದಿದೆ.