ಹಗ್ಗದ ಇನ್ನೊಂದು ತುದಿ

ದೆವ್ವ, ಮಾಟ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಓದುವಾಗ ಅಂಥ ಕಥೆ ಹೇಳಿದ ಗೆಳೆಯರನ್ನು ಅಳುವಷ್ಟು ಗೇಲಿ ಮಾಡಿದ್ದೂ ಉಂಟು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನನಗೆ ಆದದ್ದನ್ನು ಇಲ್ಲವೆನ್ನಲೂ ಆಗದು. ಅದನ್ನು ಹೇಳಬೇಕಾದರೆ ಮೊದಲು ನಾನು ಮಾಡಿದ ತಪ್ಪನ್ನು ಹೇಳಬೇಕು. ಅದಕ್ಕೇ ಇಷ್ಟು ವರ್ಷ ಸುಮ್ಮನಿದ್ದೆ.

ಐವತ್ತರ ದಶಕದ ಕೊನೆ. ಹಳ್ಳಿಗಳಿಗೆ ಕರೆಂಟು ಬರತೊಡಗಿದ್ದ ಕಾಲ. ಹಿರೀಸಾವೆ ಕಡೆಯ ರಸ್ತೆಯ ಸಾಲುಮರಗಳ ಕೊಂಬೆಗಳು ತಂತಿ ಎಳೆಯಲು ಅಡ್ಡವಾಗಿದ್ದವು. ಅವನ್ನು ಕಡಿಸುವ ಗುತ್ತಿಗೆ ಹಿಡಿದವರೊಬ್ಬರ ಬಳಿ ನಾನು ರೈಟರಾಗಿದ್ದೆ. ಆಳುಗಳ ಹಾಜರಿ ಬರೆಯುವುದು, ನಿಂತು ಕೆಲಸ ಮಾಡಿಸುವುದು ನನ್ನ ಪಾಲು. ವಯಸ್ಸು ಇಪ್ಪತ್ತೆರಡು, ಸ್ವಂತ ಸೈಕಲ್ಲು, ಬೇಕಾದಷ್ಟು ಜಂಬ.

ಮರ ಹತ್ತುವವನು ಸಣ್ಣಯ್ಯ. ಸೊಂಟಕ್ಕೆ ಕಟ್ಟಿಕೊಂಡ ಕತ್ತಾಳೆ ಹಗ್ಗವನ್ನು ಮೇಲಿನ ಗಟ್ಟಿ ಕೊಂಬೆಯ ಮೇಲೆ ಹಾಯಿಸಿ ಕೆಳಗೆ ಬಿಡುತ್ತಿದ್ದ. ಬುಡದಲ್ಲಿ ಒಬ್ಬ ಆ ತುದಿ ಹಿಡಿದು, ಅವನು ಕೂಗಿದಂತೆ ಬಿಗಿಮಾಡುವುದು, ಸಡಿಲಿಸುವುದು. ಹಗ್ಗ ಹಾಯುವ ಜಾಗಕ್ಕೆ ಸಣ್ಣಯ್ಯ ಮೊದಲು ತೊಗಲಿನ ಪಟ್ಟಿಯೊಂದನ್ನು ಸುತ್ತುತ್ತಿದ್ದ. ಎತ್ತು ಕಟ್ಟಿ ನೀರೆತ್ತುವ ಹಳೆಯ ಕಪಿಲೆಬಾವಿಯ ತೊಗಲ ಚೀಲದಿಂದ ಕೊಯ್ದದ್ದು, ಹರಳೆಣ್ಣೆ ಕುಡಿದು ನುಣುಪಾಗಿತ್ತು. ಅದರ ಮೇಲೆ ಹಗ್ಗ ಸವೆಯದೆ ಜಾರುತ್ತಿತ್ತು. ಅದನ್ನು ಅವನು ಮರದ ಲಂಗೋಟಿ ಎಂದು ಕರೆಯುತ್ತಿದ್ದ. ಬೇರೆಯವರು ಹತ್ತಿದರೆ ಬುಡದಲ್ಲಿ ಹಗ್ಗ ಹಿಡಿಯುವವನೂ ಅವನೇ. ಅವರನ್ನು ಇಳಿಸುವಾಗ ಮೂರು ಗೇಣು ಬಿಟ್ಟು ಒಂದು ಕ್ಷಣ ನಿಲ್ಲಿಸುವುದು, ಮತ್ತೆ ಮೂರು ಗೇಣು ಬಿಡುವುದು ಅವನ ರೂಢಿ.

ಒಂದು ದಿನ ಓವರ್ಸಿಯರು ಬರುವವರಿದ್ದರು. ಇನ್ನೂ ನಾಲ್ಕು ಮರ ಬಾಕಿ. ಆಳುಗಳೆಲ್ಲ ದೂರದಲ್ಲಿ ಕಡಿದ ಕೊಂಬೆ ಎಳೆಯುತ್ತಿದ್ದರು. ಬುಡದಲ್ಲಿ ಹಗ್ಗ ಹಿಡಿಯಲು ನಾನೇ ನಿಂತೆ. ಪಟ್ಟಿ ಸುತ್ತುವುದರಲ್ಲೇ ಮರಕ್ಕೆ ಅರ್ಧ ಗಂಟೆ ಹೋಗುತ್ತಿತ್ತು. ಅದನ್ನು ಅವನ ಕೈಯಿಂದ ಕಿತ್ತು ನನ್ನ ಸೈಕಲ್ ಚೀಲಕ್ಕೆ ತುರುಕಿದೆ.

"ಕೊಡಿ ಸಾ. ಲಂಗೋಟಿ ಇಲ್ದೆ ಅಗ್ಗ ಆಕುದ್ರೆ ಮರಕ್ಕೂ ನಾಚ್ಕೆ, ನನ್ ಜೀವಕ್ಕೂ ಸಂಚಕಾರ."

"ನೀನು ಲಂಗೋಟಿ ಕಟ್ಟಿ ಮುಗಿಸೋ ಹೊತ್ತಿಗೆ ಕರೆಂಟು ಪಕ್ಕದ ಊರಿಗೆ ಹೋಗಿರುತ್ತೆ. ಹತ್ತಯ್ಯ ಸುಮ್ಮನೆ," ಎಂದೆ.

ಅವನು ಹತ್ತಿದ. ಮೂರನೆಯ ಮರದಲ್ಲಿ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ತೂಗಿಕೊಳ್ಳುವಾಗ, ಒರಟು ತೊಗಟೆಗೆ ಉಜ್ಜಿ ಸವೆದಿದ್ದ ಹಗ್ಗ ತುಂಡಾಯಿತು. ಸಣ್ಣಯ್ಯ ನನ್ನ ಕಾಲ ಬಳಿಯೇ ಬಿದ್ದ. ಸೊಂಟ ಮುರಿಯಿತು.

ಓಡಿಬಂದವರಿಗೆ ನಾನು ಹೇಳಿದ್ದು: "ತೊಗಲು ಮನೇಲೇ ಬಿಟ್ಟು ಬಂದಿದ್ದ. ಬೇಡ ಅಂದರೂ ಕೇಳದೆ ಹತ್ತಿದ." ಅವನು ನಿಜ ಹೇಳಿದರೂ ಯಾರೂ ನಂಬಲಿಲ್ಲ. ನಾನು ಓದಿದವನು. ಇಪ್ಪತ್ತು ವರ್ಷ ಒಂದು ಗಾಯವಿಲ್ಲದೆ ಮರ ಹತ್ತಿದ್ದವನು ಅಂದಿನಿಂದ ಎಲ್ಲರ ಬಾಯಲ್ಲಿ ಎಚ್ಚರಗೇಡಿಯಾದ. ಪಟ್ಟಿ ನನ್ನ ಚೀಲದಲ್ಲೇ ಉಳಿಯಿತು. ಹೊರಗೆ ತೆಗೆದರೆ ನನ್ನ ಸುಳ್ಳೂ ಹೊರಗೆ ಬರುತ್ತಿತ್ತು.

ನಾಲ್ಕು ತಿಂಗಳ ಮೇಲೆ ಅದೇ ರಸ್ತೆಯಲ್ಲಿ ಒಂದು ದೊಡ್ಡ ಗೋಣಿಮರ. ಹಗ್ಗ ಮೇಲಿನ ಬರಿಯ ಕೊಂಬೆಯಲ್ಲಿ ಕಚ್ಚು ಕೊರೆದು ಸಿಕ್ಕಿಕೊಂಡಿತು. ಸಣ್ಣಯ್ಯನ ಬದಲಿಗೆ ಬಂದಿದ್ದ ಕೆಂಚ ಸೊಂಟದ ಹಗ್ಗ ಅಲ್ಲೇ ಬಿಚ್ಚಿಬಿಟ್ಟು ಕೆಳಗಿಳಿದುಬಿಟ್ಟ.

"ನಾನತ್ತಾಕಿಲ್ಲ ಸಾ. ಬೇಕಾದ್ರೆ ನೀವೇ ಅತ್ತಿ. ಓದ್ದೋರ್ನ ಕಂಡ್ರೆ ಮರ ಎದ್ರುಕತದೆ!"

ಎಲ್ಲರೂ ನಕ್ಕು, ಬುತ್ತಿ ತೆಗೆದುಕೊಂಡು ದೂರದ ಕೆರೆ ಏರಿಗೆ ಉಣ್ಣಲು ಹೋದರು. ನನಗೆ ರೋಷ ಬಂತು. ಉದ್ದನೆಯ ಬಿದಿರೇಣಿ ಹಾಕಿ ಹತ್ತಿದೆ. ಮೇಲೆ ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಹೆಣಗಾಡಿ ಅದನ್ನು ಕಚ್ಚಿನಿಂದ ಎಬ್ಬಿಸಿದೆ. ಅಷ್ಟರಲ್ಲಿ ಕಾಲು ತಗುಲಿ ಏಣಿ ಕೆಳಗೆ ಬಿತ್ತು.

ನೆಲ ಮೂವತ್ತು ಅಡಿ ಕೆಳಗೆ. ಬೊಡ್ಡೆ ಮೂರು ಜನ ತಬ್ಬಿದರೂ ಸಾಲದಷ್ಟು ದಪ್ಪ, ಜಾರಿ ಇಳಿಯುವಂತಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಬುಡದಲ್ಲಿ ಸುರುಳಿಯಾಗಿ ಬಿದ್ದಿತ್ತು. ಕೂಗಿದೆ. ಒಂದು ಎತ್ತಿನ ಗಾಡಿ ಬಂತು. ಗಾಡಿಯವನು ಒಳಗೆ ಮಲಗಿ ನಿದ್ದೆ ಹೋಗಿದ್ದ. ಎತ್ತುಗಳು ಅವನನ್ನು ಹೊತ್ತುಕೊಂಡು ನನ್ನ ಕೆಳಗೇ ಹಾದುಹೋದವು. ಗೊದ್ದದಿರುವೆಗಳು ತೊಡೆಗೆ ಹತ್ತಿದವು. ಕೊಡವಲು ಕೈ ಬಿಡುವಂತಿಲ್ಲ. ಮೇಲೆ ಹೋದವನಿಗೆ ಕೆಳಗಿರುವವನ ಮಾತೇ ಜೀವ ಎಂಬುದು ನನಗೆ ಅಲ್ಲಿ ತಿಳಿಯಿತು. ಆಗ, ನಾನು ಕೂತಿದ್ದ ಕೊಂಬೆಯನ್ನು ಕೆಂಚ ಆಗಲೇ ಅರ್ಧ ಕೊಯ್ದಿದ್ದನೆಂಬುದು ಕಣ್ಣಿಗೆ ಬಿತ್ತು. ಅದು ಸಣ್ಣಗೆ ಲಟಲಟ ಎನ್ನತೊಡಗಿತು. ಮಿಸುಕಾಡದೆ ಕೂತೆ. ಎಷ್ಟು ಹೊತ್ತೋ ತಿಳಿಯದು.

ಕೊಂಬೆ ಮುರಿಯಿತು. ನಾನು ಬಿದ್ದೆ. ಒಂದಾಳುದ್ದ ಬಿದ್ದಿರಬಹುದು, ಹಗ್ಗ ಸೊಂಟಕ್ಕೆ ಒತ್ತಿ ಉಸಿರು ಕಟ್ಟಿತು. ಗಾಳಿಯಲ್ಲಿ ತಿರುಗುತ್ತ ನೇತಾಡಿದೆ. ಹಗ್ಗದ ಆ ಕಡೆಯ ಭಾಗ ಬೊಡ್ಡೆಯ ಹಿಂದಕ್ಕೆ ಬಿಗಿಯಾಗಿ ಎಳೆದುಕೊಂಡಿತ್ತು. ಆಮೇಲೆ ನಾನು ಇಳಿಯತೊಡಗಿದೆ. ಮೂರು ಗೇಣು, ನಿಲುಗಡೆ. ಮತ್ತೆ ಮೂರು ಗೇಣು, ನಿಲುಗಡೆ. ಪಾದ ನೆಲ ಮುಟ್ಟುವವರೆಗೂ ಹಾಗೇ.

ಬೊಡ್ಡೆಯ ಹಿಂದೆ ಓಡಿ ನೋಡಿದೆ. ಯಾರೂ ಇರಲಿಲ್ಲ. ಹಗ್ಗ ಯಾವ ಬೇರಿಗೂ ಸುತ್ತಿರಲಿಲ್ಲ, ಸಡಿಲವಾಗಿ ಮಣ್ಣಿನ ಮೇಲೆ ಬಿದ್ದಿತ್ತು. ರಸ್ತೆಯ ಎರಡು ಕಡೆಯೂ ಬಟಾಬಯಲು.

ಆಳುಗಳಿಗೆ ಕಾಯದೆ ಸೈಕಲ್ ಹತ್ತಿ ನಾಲ್ಕು ಮೈಲಿ ಆಚೆಯಿದ್ದ ಸಣ್ಣಯ್ಯನ ಮನೆಗೆ ಹೋದೆ. ಅಲ್ಲಿಯವರೆಗೆ ಒಮ್ಮೆಯೂ ಹೋಗಿರಲಿಲ್ಲ. ಅವನು ಚಾಪೆಯ ಮೇಲೆ ಮಲಗಿದ್ದ. ಹೆಂಡತಿ ನಿಂಗಮ್ಮ ಅವನ ಅಂಗೈಗೆ ಬೆಣ್ಣೆ ಸವರುತ್ತಿದ್ದಳು.

"ನೋಡಿ ಸಾ, ಎದ್ದು ಕೂರಕಾಗ್ದೋನು ಮಲಗಿದ್ದಲ್ಲೇ ಕೈ ಸುಟ್ಕಂಡವ್ನೆ. ಯಂಗೆ ಅಂದ್ರೆ ಬಾಯೇ ಬುಡಾಕಿಲ್ಲ."

ಎರಡೂ ಅಂಗೈಗಳಿಗೆ ಅಡ್ಡಲಾಗಿ ಹಸಿ ಗಾಯ. ಬೆಂಕಿಯಿಂದಾದದ್ದಲ್ಲ. ಹಗ್ಗ ಜಾರಿದಾಗ ಏಳುವ ಬೊಬ್ಬೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು.

ನಾನು ಪಟ್ಟಿಯನ್ನು ಅವನ ಪಕ್ಕದಲ್ಲಿಟ್ಟು, ನಿಂಗಮ್ಮನ ಎದುರಿಗೇ ಎಲ್ಲ ಒಪ್ಪಿಕೊಂಡು ಅತ್ತೆ. ಅವಳು ಬೆಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಸಣ್ಣಯ್ಯ ಸೂರು ನೋಡುತ್ತಲೇ ಹೇಳಿದ:

"ನಂಗ್ಯಾಕ್ ಏಳ್ತೀರಿ ಸಾ? ನಂಗೊತ್ತಿಲ್ವಾ? ಆಳುಗೋಳ್ ಮುಂದೆ ಏಳಿ."

"ನಾಳೆ ಹೇಳ್ತೀನಿ," ಎಂದು ಮಾತು ಕೊಟ್ಟೆ.

ಮರುದಿನ ಹಾಜರಿಗೆ ಎಲ್ಲರೂ ಸಾಲಾಗಿ ಸೇರಿದ್ದರು. ಕೆಂಚ ಕೇಳಿದ, "ಏಣಿ ಬಿದ್ದಿತ್ತು, ಯಂಗ್ ಇಳುದ್ರಿ ಸಾ?" ಬಾಯಿ ತೆರೆದೆ. "ಇಳಿದ ಮೇಲೆ ಬಿತ್ತು," ಎಂದುಬಿಟ್ಟೆ. ಅದಾದ ಮೇಲೆ ಉಳಿದದ್ದನ್ನು ಹೇಳಲಾಗಲಿಲ್ಲ. ತಿಂಗಳೊಳಗೆ ಕೆಲಸ ಬಿಟ್ಟು, ಅರಕಲಗೂಡಿನ ಹೊಗೆಸೊಪ್ಪಿನ ಮಂಡಿಯೊಂದಕ್ಕೆ ಗುಮಾಸ್ತನಾಗಿ ಸೇರಿದೆ. ಸಣ್ಣಯ್ಯ ಎಂಟು ವರ್ಷ ಚಾಪೆಯಲ್ಲೇ ಬದುಕಿ, ಅದೇ ಕೆಟ್ಟ ಹೆಸರಿನಲ್ಲಿ ತೀರಿಕೊಂಡನೆಂದು ಕೇಳಿದೆ.

ಹಗ್ಗ ಆ ಕಚ್ಚಿನಲ್ಲೇ ಸಿಕ್ಕಿ ತಡೆದು ತಡೆದು ಜಾರಿರಬೇಕು ಎಂದು ತಿಳಿದವರೊಬ್ಬರು ಹೇಳಿದರು. ಇರಬಹುದು. ಅಂಗೈಗಳ ವಿಚಾರ ಅವರಿಗೆ ನಾನು ಹೇಳಲಿಲ್ಲ. ಅಂದು ಸಾಲಾಗಿ ನಿಂತು ನನ್ನ ಮಾತು ಕೇಳಿದ ಹನ್ನೊಂದು ಆಳುಗಳಲ್ಲಿ ಕೊನೆಯವನಾದ ಕೆಂಚನೂ ಕಳೆದ ವರ್ಷ ಹೋದ. ಅವರ ಮುಂದೆ ಹೇಳಬೇಕಾದ್ದನ್ನು ಈಗ ನಿಮ್ಮ ಮುಂದೆ ಹೇಳಿದ್ದೇನೆ. ಇದು ಸಣ್ಣಯ್ಯನಿಗೆ ಕೊಟ್ಟ ಮಾತಿಗೆ ಸಮವಾಗದು ಎಂದು ಬಲ್ಲೆ. ಅಂದು ಹಗ್ಗ ಹಿಡಿದವರು ಯಾರೋ ನನಗೆ ತಿಳಿಯದು. ಅವನೇ ಆಗಿದ್ದರೆ, ನನ್ನನ್ನು ಬೀಳಲು ಬಿಡದೆ ಯಾಕೆ ಇಳಿಸಿದ ಎಂಬುದಂತೂ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ.