ಕೈ ಖಾಲಿಯಾದವರಿಗೆ ಇನ್ನೊಂದು ಕಟ್ಟು

ಸಿಂಧನೂರು ಬಿಟ್ಟ ಬಸ್ಸು ಮಸ್ಕಿಗೆ ಮುಂಚೆ ಕಾಲುವೆ ಪಕ್ಕ ನಿಂತಾಗ ಕಿಟಕಿಯಿಂದ ಭತ್ತದ ಸಸಿಯ ಹಸಿ ವಾಸನೆ ಬಂತು. ನಿಮಗದು ಗದ್ದೆಯ ವಾಸನೆ. ನನಗೆ ಮಾತ್ರ ಕಂಪ್ಯೂಟರಿನ ವಾಸನೆ. ನಗಬೇಡಿ, ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಗೆ ನಾನು ಸಿಂಧನೂರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಮಾಸ್ತರ. ತಂತಿಯಿಂದ ಜೋಡಿಸಿದ ನಾಲ್ಕು ಕಂಪ್ಯೂಟರು, ಜೊತೆಗೆ ಸಾಲಗುಂದದಿಂದ ಬಂದು ಪಾಠ ಹೇಳುತ್ತಿದ್ದ ಸುಜಾತಾ. ಕಲಿಯುವವರು ಕಡಿಮೆಯಾಗಿದ್ದರು. ಆಗ ಒಂದು ಕೆಲಸ ಸಿಕ್ಕಿತು: ಸುತ್ತಲಿನ ಶಾಲೆಗಳು ಸೇರಿ ನಡೆಸಿದ ಪರೀಕ್ಷೆಯ ಉತ್ತರಗಳನ್ನು ತಾಳೆ ನೋಡಿ ಸಂಜೆಯ ಸಭೆಗೆ ಫಲಿತಾಂಶ ಕೊಡಬೇಕು.

"ಇದೊಂದು ಆಗ್ಲಿಲ್ಲಂದ್ರ ನಾಳೆ ಕೇಂದ್ರಕ್ಕ ಕೀಲಿನೇ ನೋಡ್ರಿ ಮಾಸ್ತರ," ಎಂದರು ಮಾಲೀಕರು.

ನನ್ನದು ಘನ ಬುದ್ಧಿ. ಶಾಲೆಗಳನ್ನು ಸಮಪಾಲು ಮಾಡಿ ನಾಲ್ಕೂ ಯಂತ್ರಗಳಿಗೆ ಹೊರಿಸಿ ಚಹಾಕ್ಕೆ ಹೋದೆ. ಬಂದು ನೋಡಿದರೆ ಹೊಸವೆರಡು ಕೆಲಸ ಮುಗಿಸಿ ಸುಮ್ಮನೆ ಕುಳಿತಿವೆ. ನಾವು ಮುದುಕಪ್ಪ ಎನ್ನುತ್ತಿದ್ದ ಹಳೆಯದು ಎರಡನೆಯ ಶಾಲೆಯಲ್ಲೇ ಏದುಸಿರು ಬಿಡುತ್ತಿದೆ. ಇನ್ನೊಂದು ನಿಂತೇ ಹೋಗಿದೆ.

ಸುಜಾತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಮ್ಮೂರಾಗ ನೆಲ್ಲು ಹಚ್ಚೋದು ನೋಡೀರೇನ್ರಿ? ಹೆಣ್ಣಾಳಿಗೆ ಇಷ್ಟಿಷ್ಟು ಅಂತ ಮೊದ್ಲೇ ಯಾರು ಹಂಚ್ತಾರ? ಸಸಿ ಕಟ್ಟು ಬದುವಿನ ಮ್ಯಾಲ ಇರ್ತಾವ. ಯಾರ ಕೈ ಖಾಲಿ ಆಗ್ತೈತಿ, ಅವ್ರು ಇನ್ನೊಂದು ತಗೋತಾರ. ಒಬ್ಬಾಕಿ ಕೂಸಿಗೆ ಹಾಲು ಕುಡ್ಸಾಕ ಎದ್ದು ಹೋದ್ಲಂದ್ರ ಆಕಿ ಕಟ್ಟು ಇನ್ನೊಬ್ಬಾಕಿ ಹಚ್ತಾಳ."

"ಕಂಪ್ಯೂಟರಿಗೆ ಕೂಸೆಲ್ಲಿಂದ ಬಂತ್ರಿ?" ಎಂದೆ.

"ನಿಮ್ಮ ತಲಿ. ಮೊದ್ಲು ಪ್ರೋಗ್ರಾಮ್ ತಿದ್ರಿ."

ಇಬ್ಬರೂ ಕೂತು ತಿದ್ದಿದೆವು. ಶಾಲೆಗೊಂದು ಕಟ್ಟು ಮಾಡಿ, ಎಲ್ಲ ಯಂತ್ರಗಳಿಗೂ ಕಾಣುವ ಒಂದೇ ಕಡೆ ಇಟ್ಟೆವು. ಬಿಡುವಾದದ್ದು ತಾನೇ ಮುಂದಿನದನ್ನು ಎತ್ತಿಕೊಳ್ಳಬೇಕು; ಎತ್ತಿಕೊಂಡದ್ದು ಬಹಳ ಹೊತ್ತಾದರೂ ಮುಗಿಯದಿದ್ದರೆ ಅದು ಮತ್ತೆ ಬದುವಿಗೆ. ಹೊಸವು ಬಾಚಿ ಬಾಚಿ ತೆಗೆದುಕೊಂಡವು. ಮುದುಕಪ್ಪನೂ ತನ್ನ ಪಾಡಿಗೆ ಒಂದೊಂದೇ ಮುಗಿಸಿದ. ನಿಂತುಹೋದ ಯಂತ್ರದ ಪಾಲನ್ನು ಉಳಿದವು ಹಂಚಿಕೊಂಡವು. ಸಭೆಗೆ ಜನ ಸೇರುವ ಮುಂಚೆಯೇ ಪ್ರಿಂಟರು ಕಿರಗುಟ್ಟುತ್ತ ಕೊನೆಯ ಹಾಳೆ ಉಗುಳಿತು. ಅಂಥ ಖುಷಿ ನಾನು ಮತ್ತೆ ಕಂಡಿದ್ದು ಕಡಿಮೆ. ಮಾಲೀಕರು ಕೀಲಿಕೈಯನ್ನು ನಮ್ಮ ಮೇಜಿನ ಮೇಲಿಟ್ಟು, "ಇನ್ನ ಇದು ನಿಮ್ಮ ಕಡೇನ ಇರ್ಲಿ," ಎಂದರು.

ಬಸ್ಸು ಹೊರಟಿತು. ಕಿಟಕಿಯಾಚೆ ಬದುವಿನ ಮೇಲಿನ ಸಸಿ ಕಟ್ಟುಗಳು ಹಿಂದೆ ಸರಿದವು. ಗೆದ್ದವನ ಗತ್ತಿನಲ್ಲಿ ನಾನು ಕೈಕಟ್ಟಿ ಕುಳಿತಿದ್ದೆ. ಪಕ್ಕದಲ್ಲಿ ಸುಜಾತಾ, ಮದುವೆಯಾದಂದಿನಿಂದ ನನಗೆ ಕೆಲಸ ಹಚ್ಚುತ್ತಲೇ ಬಂದವಳು, ನಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ಕೈ ಖಾಲಿ ಅದಾವಲ್ರೀ," ಎಂದು ಕೂಸನ್ನು ನನ್ನ ಕೈಗಿಟ್ಟಳು.

ಲಿಂಗಸುಗೂರು ಬಂದರೂ ನಾನು ಈ ಕಟ್ಟನ್ನು ಬದುವಿಗೆ ಮರಳಿಸಲಿಲ್ಲ.